ಗಂಟಲೊಳಗಿನ ರಕ್ತ

"ಇವತ್ತು ಹಾಡಿದರೆ ದನಿ ಹೋಗುತ್ತದೆ. ಮತ್ತೆ ಬರುವುದಿಲ್ಲ," ಎಂದರು ಡಾ. ಸೋಮಲಿಂಗಪ್ಪ, ರೋಗಿಯ ಬಾಯಿಂದ ಪುಟ್ಟ ಕನ್ನಡಿಯನ್ನು ಹೊರಗೆ ತೆಗೆಯುತ್ತ. ರೋಗಿಗೆ ಸುಳ್ಳು ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಗದಗಿನಿಂದ ಬಂದು ಅಮೆರಿಕದ ಶಾರ್ಲೆಟ್‌ನಲ್ಲಿ ಎಷ್ಟೋ ವರ್ಷಗಳಿಂದ ಕಿವಿ, ಮೂಗು, ಗಂಟಲು ನೋಡುತ್ತಿದ್ದರು. ಅವರ ಖಡಕ್ ಮಾತಿಗೆ ಹೆದರಿ ಬೇರೆ ಡಾಕ್ಟರನ್ನು ಹುಡುಕಿಕೊಂಡವರಿಗೇನೂ ಕಡಿಮೆಯಿರಲಿಲ್ಲ.

ಕುರ್ಚಿಯಲ್ಲಿ ಕೂತಿದ್ದ ವರ್ನನ್‌ಗೆ ಐವತ್ತು ದಾಟಿತ್ತು. ಶೋದ ಪೋಸ್ಟರಿನಲ್ಲಿ ಅವನಿಗೆ ಬೇರೊಂದು ಭಯಂಕರ ಹೆಸರಿತ್ತು. ಅದನ್ನು ಜೋರಾಗಿ ಕೂಗಿ ಒಳಗೆ ಕರೆಯಲು ರಿಸೆಪ್ಶನ್ನಿನ ಹೆಂಗಸು ಒಪ್ಪಿರಲಿಲ್ಲ. ರಾಕ್ ಹಾಡುತ್ತ ಜನರನ್ನು ಬೆಚ್ಚಿಬೀಳಿಸುವುದೇ ಅವನ ಕಸುಬು. ಎಪ್ಪತ್ತರ ದಶಕದಿಂದ ಹದಿನಾಲ್ಕು ಆಲ್ಬಂ ತಂದಿದ್ದ. ಊರೂರು ತಿರುಗಿ, ಪ್ರತಿ ಶೋದ ಕೊನೆಗೆ ವೇದಿಕೆಯ ಮೇಲೆ ನಕಲಿ ಅಲಗಿನ ಕೆಳಗೆ ತನ್ನ ತಲೆ ಕಡಿಸಿಕೊಳ್ಳುತ್ತಿದ್ದ. ಹಿಂದೆ ದೊಡ್ಡ ದೊಡ್ಡ ಸ್ಟೇಡಿಯಂಗಳಲ್ಲಿ ಸಾಯುತ್ತಿದ್ದವನು ಈಗ, ೧೯೯೪ರಲ್ಲಿ, ಕೌಂಟಿ ಫೇರ್ ಎಂಬ ಸಣ್ಣ ಊರುಜಾತ್ರೆಗಳಲ್ಲಿ ಸಾಯುತ್ತಿದ್ದ. ಬಕೆಟ್‌ಗಟ್ಟಲೆ ಕೆಂಪು ಬಣ್ಣ ಚೆಲ್ಲಿದವನ ಗಂಟಲಲ್ಲಿ ಮೊದಲ ಸಲ ನಿಜವಾದ ರಕ್ತ ಹೆಪ್ಪುಗಟ್ಟಿತ್ತು.

"ಆರು ವಾರ ಮಾತು ಕೂಡದು. ಪಿಸುಗುಟ್ಟುವುದೂ ಬೇಡ."

"ಮಧ್ಯಾಹ್ನ ಇಲ್ಲೇ ಶೋ ಇದೆ. ನಾಳೆ ಅಟ್ಲಾಂಟಾ, ಮುಂದಿನ ವಾರ ವಾಷಿಂಗ್ಟನ್ ಕಡೆ," ಎಂದು ಪಕ್ಕದಲ್ಲಿ ನಿಂತಿದ್ದ ಮ್ಯಾನೇಜರ್ ತಲೆ ಕೆರೆದುಕೊಂಡ. ಆಮೇಲೆ ತಾನೇ ದಾರಿ ಕಂಡುಕೊಂಡ. "ವಾದ್ಯದವರು ನುಡಿಸಲಿ, ದನಿಗೆ ಮಾತ್ರ ಆಲ್ಬಂಗಳ ಟೇಪು ಹಾಕುತ್ತೇವೆ. ಇವನು ಬಾಯಿ ಆಡಿಸಿದರೆ ಸಾಕು."

ಅಲ್ಲೇ ಮಕ್ಕಳ ಆಟಿಕೆಯ ಬುಟ್ಟಿಯಲ್ಲಿ, ಹಾಳೆ ಎತ್ತಿದರೆ ಬರೆದದ್ದು ಅಳಿಸಿಹೋಗುವ ಪ್ಲಾಸ್ಟಿಕ್ ಸ್ಲೇಟೊಂದಿತ್ತು. ವರ್ನನ್ ಅದನ್ನೆತ್ತಿಕೊಂಡು ಬರೆದ: 'ಜನ ಒಪ್ಪುವುದಿಲ್ಲ. ಅವರು ಬರುವುದು ನನ್ನ ದನಿ ಕೇಳಲು.' ಹಾಳೆ ಎತ್ತಿ, ಮತ್ತೆ ಬರೆದ: 'ಬೇಕಾದರೆ ಬಂದು ನೋಡಿ.' ಮ್ಯಾನೇಜರ್ ಎರಡು ಪಾಸು ಕೊಟ್ಟ. ಸ್ಲೇಟನ್ನು ವರ್ನನ್ ತನ್ನ ಜೊತೆಗೇ ಒಯ್ದ.

ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಡಾಕ್ಟರು ಹೆಂಡತಿ ಸಿದ್ದೇಶ್ವರಿಯೊಂದಿಗೆ ಫೇರಿನ ಮೈದಾನಕ್ಕೆ ಹೋಗಿ ಕೂತರು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವಾಕೆ. ವೇದಿಕೆಯಲ್ಲಿ ಹರಿದ ಕೆಂಪು ಬಣ್ಣ ನೋಡಿದ ಕೂಡಲೇ, "ರಕ್ತ ಇಷ್ಟ್ ತೆಳ್ಳಗ ಇರೂದಿಲ್ರಿ," ಎಂದು ಮುಖ ಸಿಂಡರಿಸಿದಳು. ಮೂರನೆಯ ಹಾಡಿನ ನಡುವೆ ಟೇಪು ಸಿಕ್ಕಿಹಾಕಿಕೊಂಡಿತು. ಗಿಟಾರು, ಡ್ರಮ್ಮು ನಡೆದೇ ಇದ್ದವು. ದನಿ ಮಾತ್ರ ಇಲ್ಲ. ವರ್ನನ್ ಕಪ್ಪು ಬಳಿದ ಕಣ್ಣು ಅಗಲಿಸಿ, ಬಾಯಿ ಆಡಿಸುತ್ತ, ಜನರನ್ನು ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ ನೋಡಿದ. ಜನ ಕುಣಿಯುತ್ತಲೇ ಇದ್ದರು.

"ದನಿ ನಿಂತತಲ್ರೀ," ಎಂದಳು ಸಿದ್ದೇಶ್ವರಿ.

"ಹೂಂ."

"ಮತ್ತ ಮಂದಿ ಯಾಕ ಒದರಾಕತ್ತೈತಿ?"

"ಅವರು ಹಾಡು ಕೇಳಾಕ ಬಂದಿಲ್ಲ. ಕುತಗಿ ಕೊಯ್ಯೂದು ನೋಡಾಕ ಬಂದಾರ."

ಅದೂ ಆಯಿತು. ಮೇಲಿನಿಂದ ಅಲಗು ಬಿತ್ತು, ಬುಟ್ಟಿಯೊಳಗೆ ರಬ್ಬರಿನ ತಲೆ ಉರುಳಿತು, ಕೂತವರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಡಾಕ್ಟರಿಗೆ ಅಷ್ಟು ವರ್ಷ ಅಷ್ಟು ಹಾಡು ಹಾಡಿದವನ ಮೇಲೆ ಮರುಕ ಹುಟ್ಟಿತು.

ವೇದಿಕೆಯ ಹಿಂದಿನ ಟ್ರೇಲರಿನಲ್ಲಿ ವರ್ನನ್ ಕುತ್ತಿಗೆಯ ಬಣ್ಣವನ್ನೂ ಒರೆಸಿಕೊಳ್ಳದೆ ಕೂತಿದ್ದ. ಇವರನ್ನು ಕಂಡದ್ದೇ ಸ್ಲೇಟು ಹಿಡಿದ: 'ಒಂದು ಇಡೀ ಚರಣ ನನ್ನ ದನಿ ಇರಲಿಲ್ಲ. ಯಾರಾದರೂ ಗಮನಿಸಿದರಾ?' ಡಾಕ್ಟರು ಉತ್ತರಿಸುವುದರೊಳಗೆ ಹಾಳೆ ಎತ್ತಿ ಇನ್ನೊಂದು ಬರೆದ: 'ಇಲ್ಲವಾದರೆ ನಾಳೆ ಅಟ್ಲಾಂಟಾದಲ್ಲಿ ಹಾಡುತ್ತೇನೆ. ಹೋದರೆ ಹೋಗಲಿ. ಯಾರಿಗೂ ಬೇಡದ ದನಿಯನ್ನು ಕಾಪಾಡಿ ಏನು ಮಾಡಲಿ?'

ಡಾಕ್ಟರು ಅವನ ಗಂಟಲನ್ನು ನೋಡಿದರು. ಅಂಗಿಯ ಗುಂಡಿಯೊಂದನ್ನು ಬಿಚ್ಚಿ ಮತ್ತೆ ಹಾಕಿಕೊಂಡರು.

"ಗಮನಿಸದೇ ಇರುತ್ತಾರೆಯೇ?" ಎಂದರು. "ಸುತ್ತ ಕೂತವರೆಲ್ಲ ಗೊಣಗಾಡಿದರು. ನನ್ನ ಮುಂದಿನ ಕುರ್ಚಿಯವನಂತೂ ಎದ್ದೇ ಹೋದ. ಇವನ ದನಿ ಇಲ್ಲದ ಮೇಲೆ ಬಿಸಿಲಲ್ಲಿ ಯಾಕೆ ಕೂಡಬೇಕು ಅಂದ."

ವರ್ನನ್ ಬೆನ್ನು ನೆಟ್ಟಗೆ ಮಾಡಿ ಕೂತ.

ಸಿದ್ದೇಶ್ವರಿ ಗಂಡನ ಮುಖವನ್ನೇ ನೋಡಿದಳು. "ಅಂವ ಗೋವಿನಜ್ವಾಳದ ತೆನಿ ತರಾಕ ಎದ್ದಿದ್ದನಲ್ರೀ," ಎಂದಳು ಕನ್ನಡದಲ್ಲಿ, ತಣ್ಣಗೆ. "ಎರಡ್ ತಂದು, ಕುಂತು, ಎರಡೂ ತಿಂದ."

ಆಕೆ ಏನು ಹೇಳಿದಳೆಂದು ವರ್ನನ್ ಹುಬ್ಬೇರಿಸಿ ಡಾಕ್ಟರನ್ನು ಕೇಳಿದ.

"ಇವಳಿಗೂ ತುಂಬಾ ಬೇಸರವಾಗಿದೆಯಂತೆ," ಎಂದರು ಡಾಕ್ಟರು. "ನಿನ್ನ ಹಾಡು ಕೇಳೋಣ ಅಂತಲೇ ರಜೆ ಹಾಕಿ ಬಂದಿದ್ದಳು."

ಸಿದ್ದೇಶ್ವರಿ ವರ್ನನ್ ಕಡೆ ತಿರುಗಿ, ಬೇಸರದಿಂದಲೇ ತಲೆಯಾಡಿಸಿದಳು.

ಅವನು ಸ್ಲೇಟಿನ ಮೇಲೆ ದೊಡ್ಡ ಅಕ್ಷರಗಳಲ್ಲಿ 'ದಯವಿಟ್ಟು ಕ್ಷಮಿಸಿ' ಎಂದು ಬರೆದು, ಮುಖದ ತುಂಬ ನಗುತ್ತ, ಆಕೆಯೆದುರು ಎತ್ತಿ ಹಿಡಿದ.