ರವಿವಾರದ ಬಿಸಿನೀರು

ಆ ಶನಿವಾರ ಫೋನು ಮಾಡಿದ ಹೆಂಗಸು ಒಂದು ಮಾತು ಹೆಚ್ಚಾಡಿದಳು.

"ನಾ ಭೀಮಸಿಯವರ ಸೊಸಿರಿ. ನಾಳೆ ಬರ್ತೀನಿ. ಮಾವಾರಿಗೆ ಜಳಕ ಮಾಡಿಸಿ ಇಡ್ರಿ. ಎಡಗಾಲ ಹೆಬ್ಬೆರಳಿನ ಉಗುರು ಒಳಗ ಬೆಳದೈತಿ, ಅದನ್ನಷ್ಟ ತೆಗಸ್ರಿ."

"ಆತ್ರಿ" ಎಂದು ಈಶ್ವರ ಫೋನಿಟ್ಟ. ಆಮೇಲೆ ಯೋಚನೆಗೆ ಬಿದ್ದ. ಭೀಮಸಿಯ ಮನೆಯವರು ಇತ್ತ ತಲೆ ಹಾಕಿ ಎರಡು ವರ್ಷವಾಗಿತ್ತು. ಮುದುಕನ ಹೆಬ್ಬೆರಳಿನ ಸುದ್ದಿ ಅವರಿಗೆ ಹೇಗೆ ಮುಟ್ಟಿತು?

ರಾಯಬಾಗದ ಹೊರಗೆ, ಕಬ್ಬಿನ ಹೊಲಗಳ ನಡುವಿನ ಆ ವೃದ್ಧಾಶ್ರಮಕ್ಕೆ ಈಶ್ವರ ಮ್ಯಾನೇಜರ್. ಇದ್ದವರು ಹದಿನೆಂಟು ಮಂದಿ, ಆಯಾ ಒಬ್ಬಳೇ, ಸಪನಾ. ಮೊದಲು ಮೂವರು ಆಯಾಗಳಿದ್ದರು. ಇಬ್ಬರನ್ನು ಬಿಡಿಸಿ ಆಡಳಿತದವರಿಂದ ಭೇಷ್ ಅನ್ನಿಸಿಕೊಂಡವನು ಇವನೇ. ಒಬ್ಬಳ ಕೈಯಲ್ಲಿ ಹದಿನೆಂಟು ಮೈ ತೊಳೆಯುವುದಾಗದು ಎಂದು ಗೊತ್ತಾದಾಗ ಅದಕ್ಕೂ ಅವನೇ ಒಂದು ಜಾಣ ದಾರಿ ಹುಡುಕಿದ. ಮನೆಯವರ ಭೇಟಿ ರವಿವಾರ. ಯಾರ ಮನೆಯಿಂದ ಬರುತ್ತೇವೆಂದು ಮೊದಲೇ ಫೋನು ಬರುತ್ತದೋ ಅವರಿಗಷ್ಟೇ ಬಿಸಿನೀರು, ಉಗುರು ಕತ್ತರಿಸುವುದು, ಒಗೆದ ಬಟ್ಟೆ. ಉಳಿದವರ ಮುಖಕ್ಕೆ ಒಂದು ಒದ್ದೆ ಅರಿವೆ. ಕೇಳುವವರಿಲ್ಲದ ಮೈಗೆ ಸಾಬೂನು ಯಾಕೆ ಎಂದು ಬಾಯಿ ಬಿಟ್ಟೇ ಹೇಳುತ್ತಿದ್ದ ಪುಣ್ಯಾತ್ಮ. ಗೀಸರಿದ್ದ ಬಚ್ಚಲಿನ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ.

ಅವನಿಗೆ ಒಬ್ಬೊಬ್ಬರೂ ಒಂದೊಂದು ಮಂಚದ ನಂಬರು. ಭೀಮಸಿ ಎಂದರೆ ನಾಲ್ಕನೇ ಮಂಚ. ಹೆಂಗಸರ ಕೋಣೆಗಂತೂ ಅವನು ಕಾಲಿಡುತ್ತಲೇ ಇರಲಿಲ್ಲ. ಉಚ್ಚೆಯ ವಾಸನೆಗೆ ತಲೆ ಹಿಡಿಯುತ್ತದೆ ಎನ್ನುತ್ತಿದ್ದ.

ಹದಿನೆಂಟರಲ್ಲಿ ಐವರಿಗೆ ಮಾತ್ರ ಮನೆಯವರು ಬರುತ್ತಿದ್ದರು. ಆದರೆ ಮೂರು ತಿಂಗಳಿಂದ ಶನಿವಾರಕ್ಕೊಮ್ಮೆ, ಉಳಿದವರ ಪೈಕಿ ಒಬ್ಬರ ಹೆಸರಿನಲ್ಲಿ ಫೋನು ಬರತೊಡಗಿತ್ತು. ಒಮ್ಮೆ ಕಸ್ತೂರೆವ್ವನ ಮಗಳು, ನಿಪ್ಪಾಣಿಯಿಂದ. ಇನ್ನೊಮ್ಮೆ ಲಗಮವ್ವನ ತಂಗಿ, ಉಗಾರದಿಂದ. ಆಫೀಸಿನದು ಹಳೆಯ ಫೋನು, ನಂಬರು ತೋರಿಸುತ್ತಿರಲಿಲ್ಲ. ಈಶ್ವರ ಕೀಲಿ ಕೊಡುವನು. ಸಪನಾ ಆ ಮುದುಕ ಮುದುಕಿಯರನ್ನು ತಿಕ್ಕಿ ತೊಳೆದು, ತಲೆ ಬಾಚಿ, ಬಾಗಿಲ ಬಳಿ ಕೂರಿಸುವಳು. ಸಂಜೆಯವರೆಗೂ ಯಾರೂ ಬರುತ್ತಿರಲಿಲ್ಲ. ಬಸ್ಸು ತಪ್ಪಿರಬೇಕು ಎಂದು ಅವನೂ ಸುಮ್ಮನಾಗುತ್ತಿದ್ದ.

ಇವತ್ತು ಸುಮ್ಮನಾಗಲಿಲ್ಲ. ಸೇರಿಸುವಾಗ ಮನೆಯವರು ಬರೆದುಕೊಟ್ಟ ಅರ್ಜಿಗಳ ಫೈಲು ತೆಗೆದು ಒಂದೊಂದೇ ಮನೆಗೆ ಫೋನು ಹಚ್ಚಿದ.

"ನಾವ್ಯಾಕ್ರಿ ಫೋನ್ ಮಾಡೂನು?" ಎಂದಳು ಭೀಮಸಿಯ ನಿಜವಾದ ಸೊಸೆ.

ಕಸ್ತೂರೆವ್ವನ ಮಗಳು, "ಹೋದಳೇನ್ರಿ?" ಎಂದಷ್ಟೇ ಕೇಳಿದಳು.

ಹೀಗೆ ಹನ್ನೆರಡು ಮನೆ ಮುಗಿಸಿದ. ಹನ್ನೊಂದನೇ ಮಂಚದ ಅರ್ಜಿ ಕೈಗೆ ಸಿಕ್ಕಾಗ ಬಿಚ್ಚದೆ ಬದಿಗಿಟ್ಟ. ಆ ಮಂಚಕ್ಕೆ ಯಾರೂ ಬರುತ್ತಿರಲಿಲ್ಲ, ಅದರ ಹೆಸರಿನಲ್ಲಿ ಒಂದು ಸುಳ್ಳು ಫೋನೂ ಬಂದಿರಲಿಲ್ಲ.

ಒಳಗೆ ಬೆಳೆದ ಉಗುರು ಕಾಲು ತೊಳೆದವರಿಗೆ ಗೊತ್ತು. ಇಲ್ಲಿ ಕಾಲು ತೊಳೆಯುವವಳು ಒಬ್ಬಳೇ. ಈಶ್ವರ ಸಪನಾಳನ್ನು ಕರೆಸಿದ.

"ಫೋನ್ ಮಾಡಾಕಿ ಯಾರು?"

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಮುಚ್ಚಿಡಲಿಲ್ಲ. "ನಮ್ಮ ಅಕ್ಕ ಭಾಗ್ಯಾ ರಿ, ಚಿಕ್ಕೋಡ್ಯಾಗ ಇರ್ತಾಳ. ಏನ್ ಹೇಳಬೇಕಂತ ನಾನ ಹೇಳಿಕೊಡ್ತಿದ್ನಿ."

"ಅಂದ್ರ ನನ್ನ ಕಣ್ಣಿಗೆ ಮಣ್ಣ ಎರಚಿದಿ."

"ಹೌದ್ರಿ. ಕೇಳಿದ್ರ ಕೀಲಿ ಕೊಡ್ತಿದ್ರೇನ್ರಿ? ಕಸ್ತೂರೆವ್ವಾಯಿ ಬೆನ್ನಿಗೆ ಹುಣ್ಣಾಗಿ ಸೀರಿಗೆ ಅಂಟಕೊಂಡಿತ್ತು. ಬಿಸಿನೀರು ಹಾಕಿ ಹಾಕಿ ಬಿಡಸಿದ್ನಿ. ಆಯಿ ನನ್ನ ಕೈ ಹಿಡಕೊಂಡು ಅತ್ಳು. ನೀವು ಒಂದಿನಾ ನೋಡಿಲ್ಲ."

ಈಶ್ವರನಿಗೆ ಮಾತ್ರ ಕಳ್ಳಿಯನ್ನು ಹಿಡಿದ ಖುಷಿ. ಕುರ್ಚಿಗೆ ಒರಗಿ ಕಾಲು ಚಾಚಿದ.

"ಸೋಮವಾರದಿಂದ ನೀ ಬರೂದು ಬ್ಯಾಡ. ಇನ್ನ ಮ್ಯಾಲೆ ಮಂದಿ ಖುದ್ದ ಬಂದ ಬಾಗಲದಾಗ ನಿಂತ ಮ್ಯಾಲೇ ಬಿಸಿನೀರು."

"ನನ್ನ ಕೆಲಸಾ ಹೋದ್ರ ಹೋಗ್ಲಿರಿ" ಎಂದಳು ಸಪನಾ. "ನಾಳೆ ಒಂದಿನ ಕೀಲಿ ಕೊಡ್ರಿ. ಭೀಮಸಿ ಅಜ್ಜನ ಕಾಲಾಗ ಕೀವಾಗೈತಿ."

"ಆಗೂದಿಲ್ಲ."

ಅವಳು ಹೊರಡಲು ತಿರುಗಿದಳು. ಅವನಿಗೆ ಒಂದು ಮಾತು ಒಳಗೇ ಚುಚ್ಚುತ್ತಿತ್ತು. ಕೇಳಬಾರದೆಂದುಕೊಂಡೇ ಕೇಳಿದ.

"ಎಲ್ಲಾರಿಗೂ ಮಾಡಿಸಿದಿ. ಹನ್ನೊಂದನೇ ಮಂಚಾ ಒಂದ ಯಾಕ ಬಿಟ್ಟಿ?"

"ನಾ ಬಿಡಲಿಲ್ರಿ. ಆಯಿ ತಲ್ಯಾಗ ಹೇನು ಹರದಾಡತಾವು, ಮೈ ನಾರತೈತಿ. ಮಗನ ಹೆಸರ ಹೇಳ್ರಿ, ಫೋನ್ ಮಾಡಸ್ತೀನಿ ಅಂತ ಮೂರು ಸಲ ಕೇಳಿದ್ನಿ. ಬ್ಯಾಡ ಅಂದ್ರು."

"ಯಾಕಂತ?"

ಸಪನಾ ಅವನ ಮುಖವನ್ನೇ ನೋಡಿದಳು.

"'ನನ್ನ ಮಗಾ ದಿನಾ ಬರ್ತಾನವಾ, ಮ್ಯಾನೇಜರ್ ಕುರ್ಚಿ ಮ್ಯಾಲೆ ಕುಂಡ್ರತಾನ, ಒಳಗ ಬರೂದೊಂದ ಇಲ್ಲ' ಅಂದ್ರು."