ಅಂಗೈಯಲ್ಲಿದ್ದ ಹುಳು

ಟಿವಿ ಧಾರಾವಾಹಿಯಲ್ಲಿ ಅಂತರಿಕ್ಷ ನೌಕೆಯ ಕ್ಯಾಪ್ಟನ್, ರೋಗ ತಗುಲಿರಬಹುದಾದ ಗೆಳೆಯನನ್ನು ಹೊರಗೆ ದಬ್ಬಲು ಬಾಗಿಲಿನ ಗುಂಡಿಯ ಮೇಲೆ ಬೆರಳಿಟ್ಟವನು ಹಾಗೇ ನಿಂತುಬಿಟ್ಟ.

"ಒತ್ತೋ, ಇನ್ನೇನ್ ನೋಡ್ತೀಯ!" ಎಂದು ಮುನಿವೆಂಕಟಮ್ಮ ಗದರಿದಳು. ರಾಜಘಟ್ಟದ ತನ್ನ ಮನೆಯ ಪಡಸಾಲೆಯಲ್ಲಿ ರೇಷ್ಮೆಹುಳುವಿನ ತಟ್ಟೆಯ ಮುಂದೆ ಕೂತು, ಕಾಯಿಲೆ ಬಿದ್ದ ಹುಳುಗಳನ್ನು ಆರಿಸಿ, ಸಾಯಲೆಂದು ಸುಣ್ಣದ ನೀರಿಗೆ ಹಾಕುತ್ತಿದ್ದಳು. "ಒಂದನ್ನ ಉಳಿಸ್ಕೊಂಡ್ರೆ ಎಲ್ಲಾನೂ ಹೋಗ್ತವೆ."

"ಅವನಿಗೆ ರೋಗ ಐತೆ ಅಂತ ಗ್ಯಾರಂಟಿಯಿಲ್ಲ ಅತ್ತೆ, ಬರೀ ಅನುಮಾನ," ಎಂದಳು ಸೊಸೆ ಪದ್ಮಶ್ರೀ. "ಅದಕ್ಕೇ ಒತ್ತೋಕೆ ಕೈ ಬರ್ತಿಲ್ಲ."

ಮುನಿವೆಂಕಟಮ್ಮ ಕೈಯಲ್ಲಿದ್ದ ಹುಳುವನ್ನು ಬೆಳಕಿಗೆ ಹಿಡಿದಳು. ಮೈ ಕೊಂಚ ಊದಿದಂತಿತ್ತು, ಊದದಂತೆಯೂ ಇತ್ತು. ಅದು ತಲೆಯೆತ್ತಿ ಸೊಪ್ಪಿಗಾಗಿ ತಡಕಾಡಿತು.

ಕ್ಯಾಪ್ಟನ್ ಗುಂಡಿ ಒತ್ತಿದ. ಜಾಹೀರಾತು ಬಂತು. ಹುಳು ಇನ್ನೂ ಅವಳ ಅಂಗೈಯಲ್ಲೇ ಇತ್ತು.