ಏಡನ್ನಿನ ಗೋಡೆ ಗಡಿಯಾರ

ತಿಪ್ಪೇರುದ್ರಪ್ಪ ಕೈಗಡಿಯಾರ ಬಿಚ್ಚಿ ಕುತುಬುದ್ದೀನನ ಮುಂದೆ ಕುಕ್ಕಿದ. ರಭಸಕ್ಕೆ ಬಟ್ಟಲಲ್ಲಿದ್ದ ಪುಟ್ಟ ಸ್ಕ್ರೂಗಳು ಕುಣಿದವು.

“ಸಾಬ್ರೇ, ನಿಮ್ಮ ರಿಪೇರಿ ನನ್ನ ಮಾನ ಕಳೀತು.”

ನಯಾ ಪೈಸೆ ನಾಣ್ಯ ಬಂದ ಮರುವರ್ಷದ, ಅಂದರೆ ಐವತ್ತೆಂಟರ ಮಾತು. ಹರಿಹರದವರಲ್ಲಿ ವಿಮಾನ ಹತ್ತಿ ಇಳಿದವನೆಂದರೆ ಅರಳೆ ವ್ಯಾಪಾರಿ ತಿಪ್ಪೇರುದ್ರಪ್ಪನೊಬ್ಬನೇ. ಹೊರಡುವ ಮುಂಚೆ ಗಡಿಯಾರ ರಿಪೇರಿ ಮಾಡಿಕೊಟ್ಟ ಕುತುಬುದ್ದೀನ್, ದಿನಾ ಕೀ ಕೊಡಿ, ಮುಳ್ಳು ಮಾತ್ರ ಮುಟ್ಟಬೇಡಿ, ಒಂದು ನಿಮಿಷ ತಪ್ಪಿದರೂ ಅಂಗಡಿ ಮುಚ್ಚುತ್ತೇನೆ ಎಂದಿದ್ದ. ತಿಪ್ಪೇರುದ್ರಪ್ಪ ದೇವರಾಣೆಗೂ ಮುಟ್ಟಲಿಲ್ಲ. ಬೊಂಬಾಯಿಯಿಂದ ಅರಬರ ನಾಡಿನ ಏಡನ್ನಿಗೆ ಕಡಲ ಮೇಲೆ ಹತ್ತಿರ ಹತ್ತಿರ ಎರಡು ಸಾವಿರ ಮೈಲಿ. ಬೆಳಿಗ್ಗೆ ಎಂಟಕ್ಕೆ ಹತ್ತಿದವನು ಇಳಿದಾಗ ಕೈಯಲ್ಲಿ ಮೂರು ಗಂಟೆ, ಅಲ್ಲಿಯ ಗೋಡೆ ಗಡಿಯಾರದಲ್ಲಿ ಹನ್ನೆರಡೂವರೆ. ಗೋಡೆಯದು ಕೆಟ್ಟಿದೆ ಎಂದುಕೊಂಡ. ಮರುದಿನ ಹತ್ತಕ್ಕೆ ಬಾ ಎಂದಿದ್ದ, ಅರಳೆ ಕೊಳ್ಳುವ ಸೇಠನ ಕಚೇರಿಗೆ ಕೈಗಡಿಯಾರ ನೋಡಿಕೊಂಡು ಹೋದರೆ, ಬಾಗಿಲಿಗೆ ಬೀಗ. ಎರಡೂವರೆ ತಾಸು ಮೆಟ್ಟಿಲ ಮೇಲೆ ಕೂತ. ಸೇಠ ಬಂದವನೇ ಹೊಸ ಕಾವಲುಗಾರನೆಂದು ತಿಳಿದು ಬೀಗದ ಕೈ ಅವನ ಕೈಗೆ ಹಾಕಿದ.

“ನಾಳೆ ಇದನ್ನ ದಾವಣಗೆರೆ ರಿಪೇರಿಯೋನಿಗೆ ಕೊಡ್ತೀನಿ. ಯಾಕ ಕೊಟ್ಟೆ ಅಂತ ಸಂತ್ಯಾಗೂ ಹೇಳ್ತೀನಿ.”

ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಸಣ್ಣಬೀರಪ್ಪ, ತಾನು ತಂದಿದ್ದ ಗಡಿಯಾರವನ್ನು ಮೆಲ್ಲಗೆ ಜೇಬಿಗೆ ಇಳಿಸಿದ. ಕುತುಬುದ್ದೀನ್ ಅದನ್ನು ನೋಡಿದ. ಬೀರಪ್ಪ ಎದ್ದು ಹೋದರೆ ಸಂಜೆಯೊಳಗೆ ಊರೇ ಎದ್ದು ಹೋದಂತೆ.

ಅವನು ಗಡಿಯಾರವನ್ನು ಕಿವಿಗೆ ಹಿಡಿದ. ಎದುರಿನ ಸ್ಟೇಷನ್ನಿನ ಗಡಿಯಾರ ನೋಡಿದ. ಎರಡರಲ್ಲೂ ಹನ್ನೊಂದು ಹತ್ತು. ವಾಪಸು ಬಂದ ಮೇಲೆ ಮುಳ್ಳು ತಿರುವಿದಿರಾ ಎಂದು ಕೇಳಿದ. ಇಲ್ಲ ಎಂದ ತಿಪ್ಪೇರುದ್ರಪ್ಪ. ಬರುವಾಗ ಎಷ್ಟು ತಾಸು ಹಿಡಿಯಿತು ಎಂದು ಕೇಳಿದ. ಏಡನ್ನಿನ ಗೋಡೆಯಲ್ಲಿ ಬೆಳಿಗ್ಗೆ ಎಂಟಾದಾಗ ಹತ್ತಿದ್ದು, ಬೊಂಬಾಯಿ ಗೋಡೆಯಲ್ಲಿ ಸಂಜೆ ಐದೂವರೆಯಾದಾಗ ಇಳಿದದ್ದು ಎಂದ ತಿಪ್ಪೇರುದ್ರಪ್ಪ.

ಕುತುಬುದ್ದೀನ್ ಬೆರಳು ಮಡಿಸಿದ. “ಗೋಡೆ ಲೆಕ್ಕದಾಗ ಹೋಗಾಗ ನಾಲ್ಕೂವರೆ, ಬರಾಗ ಒಂಬತ್ತೂವರೆ. ಅದೇ ದಾರಿ. ಕುಂಟೆತ್ತಿನ ಗಾಡಿನೂ ಹಿಂಗ ಮಾಡಂಗಿಲ್ಲ. ನಿಮ್ಮ ಕೈಯಾಗಿಂದು ಏನಂತು?”

“ಹೋಗಾಗ ಏಳು.” ತಿಪ್ಪೇರುದ್ರಪ್ಪ ತಾನೂ ಬೆರಳು ಮಡಿಸಿದ. “ಬರಾಗನೂ ಏಳು.”

“ನೋಡ್ರಿ ಯಜಮಾನ್ರೇ. ಸುಳ್ಳುಗಾರ ಹೋಗಾಗ ಒಂದು ಹೇಳ್ತಾನೆ, ಬರಾಗ ಒಂದು. ಇದು ಎರಡು ಸಲನೂ ಒಂದೇ ಮಾತು ಆಡೈತೆ.”

ತಿಪ್ಪೇರುದ್ರಪ್ಪ ಅವನ ಕೈಯಿಂದ ಗಡಿಯಾರ ತೆಗೆದುಕೊಂಡ. ಮತ್ತೆ ಮಣಿಕಟ್ಟಿಗೆ ಕಟ್ಟಿಕೊಂಡ.

“ಹಂಗಾರ ಏಡನ್ ಊರಿಗೆ ಊರೇ ತಪ್ಪು ತೋರಿಸ್ತೈತಲ್ಲ, ಅದ್ಯಾಕ?”

ಕುತುಬುದ್ದೀನ್ ಕಣ್ಣಿಗೆ ಭೂತಗನ್ನಡಿ ಏರಿಸಿ, ಸಣ್ಣಬೀರಪ್ಪನ ಜೇಬಿನತ್ತ ಕೈ ಚಾಚಿದ.

“ದಾವಣಗೆರೆಯೋನು ಅಲ್ಲೂ ಒಂದು ಅಂಗಡಿ ಇಟ್ಟಿರಬೇಕು.”